ಎರಡನ್ನೂ ಕೂಡಿಸಿ ನೋಡಿ: ಹೈ–ಲೋ ಪಲ್ಸ್ ಅಳತೆ ತಪ್ಪಿದಾಗ ದೋಷ ಹಿಡಿಯುವ ಬಗೆ

ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ತೊಗರಿಯನ್ನು ಮೇಲಕ್ಕೆ ಹೊರುವುದು ಬಕೆಟ್ ಎಲಿವೇಟರ್. ಅದರ ಬೆಲ್ಟ್ ಜಾರತೊಡಗಿದಾಗ ಮೋಟರ್ ಕಡೆಯ ಮೇಲಿನ ಪುಲ್ಲಿ ಎಂದಿನಂತೆ ತಿರುಗುತ್ತಲೇ ಇರುತ್ತದೆ, ಕೆಳಗಿನದು ಮಾತ್ರ ನಿಧಾನವಾಗುತ್ತದೆ. ಹಾಗಾಗಿ ಕೆಳಗಿನ ಶಾಫ್ಟಿಗೆ ನಾಲ್ಕು ಹಲ್ಲಿನ ಕಬ್ಬಿಣದ ಡಿಸ್ಕ್ ಕೂರಿಸಿ, ಎದುರಿಗೆ ಮುಟ್ಟದೆಯೇ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ಇಟ್ಟು, ಹಲ್ಲು ದಾಟಲು ಹಿಡಿದ ಹೊತ್ತು ಮತ್ತು ಸಂದು ದಾಟಲು ಹಿಡಿದ ಹೊತ್ತು ಎರಡನ್ನೂ ಅಳೆಯುತ್ತಾರೆ. ಬೇಳೆಯ ಹೊಟ್ಟು, ಧೂಳು ತುಂಬಿದ ಜಾಗದಲ್ಲಿ ಬೆಳಕಿನ ಸೆನ್ಸರ್ ವಾರವೂ ಬಾಳುವುದಿಲ್ಲ. ಲೋಹವನ್ನು ಕಾಂತಕ್ಷೇತ್ರದಿಂದ ಗುರುತಿಸುವ ಇಂಡಕ್ಟಿವ್ ಸೆನ್ಸರೇ ಸರಿ.

ಇಲ್ಲಿ ಹಿಡಿದಿರುವ ಜೋಡಣೆ ಹೀಗಿದೆ: ಆರ್ಡುಯಿನೊ ಯುನೊ ಎಂಬ ಪುಟ್ಟ ಪ್ರೋಗ್ರಾಮ್ ಬೋರ್ಡ್ (ಚಿಪ್ ಎಟಿಮೆಗಾ328ಪಿ, 16 ಮೆಗಾಹರ್ಟ್ಸ್), ಎಂ18 ಗಾತ್ರದ, ಆನ್ ಆದಾಗ ಔಟ್‌ಪುಟ್ಟನ್ನು ಮೈನಸ್ಸಿಗೆ ಸೇರಿಸುವ ಮೂರು ವೈರಿನ ಎನ್‌ಪಿಎನ್ ಸೆನ್ಸರ್, 24 ವೋಲ್ಟಿನ ಎಸ್‌ಎಂಪಿಎಸ್ (ಪವರ್ ಸಪ್ಲೈ), ನಡುವೆ ಪಿಸಿ817 ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ 24 ವೋಲ್ಟನ್ನು ಬೋರ್ಡಿನಿಂದ ಬೇರೆ ಇಡುವ ಬಿಡಿಭಾಗ). ಹಲ್ಲು ಎದುರಿಗೆ ಬಂದಾಗ ಪಿನ್ ಲೋ (0 ವೋಲ್ಟಿನ ಹತ್ತಿರ), ಸಂದು ಬಂದಾಗ ಹೈ (5 ವೋಲ್ಟಿನ ಹತ್ತಿರ). ಒಂದು ಹೈ ಅಥವಾ ಒಂದು ಲೋ ಇರುವ ಅವಧಿಯನ್ನು ಇಲ್ಲಿ ಪಲ್ಸ್ ಅಥವಾ 'ಅರ್ಧ' ಎಂದು ಕರೆದಿದೆ. ಶಾಫ್ಟ್ ನಿಮಿಷಕ್ಕೆ 75 ಸುತ್ತು ಹಾಕಿದರೆ ಸೆಕೆಂಡಿಗೆ 5 ಹಲ್ಲು ಹೋಗುತ್ತವೆ. ಅಂದರೆ ಹಲ್ಲು–ಸಂದು ಸೇರಿ 200 ಮಿಲಿಸೆಕೆಂಡ್, ಒಂದೊಂದಕ್ಕೆ ಸುಮಾರು 100.

ಅಂಕಿ ತಪ್ಪು ಬಂದಾಗ ಕೋಡ್ ತಿದ್ದುವುದೋ, ವೈರ್ ಬದಲಿಸುವುದೋ ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ. ಎರಡಕ್ಕೂ ಕೈ ಹಾಕುವ ಮೊದಲು ಅಕ್ಕಪಕ್ಕದ ಹೈ ಮತ್ತು ಲೋ ಎರಡನ್ನೂ ಕೂಡಿಸಿ. ಮೊತ್ತ ಸರಿ ಇದ್ದು ಪಾಲು ತಪ್ಪಿದ್ದರೆ ದೋಷ ಸೆನ್ಸರ್, ಆಪ್ಟೊ, ಡಿಸ್ಕಿನ ಕಡೆ. ಮೊತ್ತವೇ ತಪ್ಪಿದ್ದರೆ ಟೈಮರ್, ಕೋಡ್ ಅಥವಾ ನಾಯ್ಸ್ (ವೈರಿಗೆ ನುಗ್ಗುವ ಹೊರಗಿನ ವಿದ್ಯುತ್ ಗದ್ದಲ). ಒಂದೊಂದು ಅಂಕಿಯೂ ಬಿಡಿಯಾಗಿ ಸರಿ ಕಂಡು, ಕೂಡಿಸಿದಾಗ ಮಾತ್ರ ಹೊಂದದಿದ್ದರೆ ಅವು ಒಂದೇ ಜೋಡಿಯ ಹೈ–ಲೋ ಅಲ್ಲ. ಹೈ, ಲೋ ಎರಡೂ ಒಟ್ಟಿಗೆ ಉದ್ದವಾಗುತ್ತಾ ಮೊತ್ತ 214, 230 ಎಂದು ಏರುತ್ತಿದ್ದರೆ ಅದು ಅಳತೆಯ ದೋಷವೇ ಅಲ್ಲ. ಬೆಲ್ಟ್ ನಿಜಕ್ಕೂ ಜಾರುತ್ತಿದೆ, ಅದನ್ನು ಹಿಡಿಯಲೆಂದೇ ಸೆನ್ಸರ್ ಹಾಕಿದ್ದು.

ಮೊದಲು ಪ್ರಿಂಟ್ ಮಾಡುವ ರೀತಿ ಬದಲಿಸಿ

ಒಂದೊಂದು ಅಂಕಿ ಬಂದ ಹಾಗೆ ಸೀರಿಯಲ್ ಮಾನಿಟರಿಗೆ ಕಳಿಸುವ ಪ್ರೋಗ್ರಾಮಿನಿಂದ ದೋಷ ಹುಡುಕಲು ಆಗುವುದಿಲ್ಲ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಒಂದು ಅಕ್ಷರಕ್ಕೆ ಸುಮಾರು 1.04 ಮಿಲಿಸೆಕೆಂಡ್ ಬೇಕು; 20 ಅಕ್ಷರದ ಸಾಲಿಗೆ 20 ಮಿಲಿಸೆಕೆಂಡಿಗೂ ಹೆಚ್ಚು. ಕಳಿಸುವ ಬಫರ್ ತುಂಬಿದ ಮೇಲೆ ಪ್ರೋಗ್ರಾಮ್ ಅಲ್ಲೇ ಕಾಯುತ್ತಾ ನಿಲ್ಲುತ್ತದೆ, ಅಷ್ಟರಲ್ಲಿ ಪಲ್ಸ್ ದಾಟಿ ಹೋಗಿರುತ್ತದೆ. 115200 ಬಾಡ್ ಇಡಿ. ಇಂಟರಪ್ಟಿನಲ್ಲಿ (ಸಿಗ್ನಲ್ ಬದಲಾದ ಕೂಡಲೇ ಮುಖ್ಯ ಕೆಲಸ ನಿಲ್ಲಿಸಿ ಓಡುವ ಕೋಡ್) 64 ಅರ್ಧಗಳನ್ನು ಒಂದು ಅರೇಗೆ (ಅಂಕಿಗಳ ಪಟ್ಟಿ) ತುಂಬಿ, ತುಂಬಿದ ಮೇಲೆ ಅಳತೆ ನಿಲ್ಲಿಸಿ ಒಟ್ಟಿಗೆ ಪ್ರಿಂಟ್ ಮಾಡಿ. ನಾಲ್ಕು ಬೈಟಿನ 64 ಅಂಕಿಗೆ 256 ಬೈಟ್. ಯುನೊದ 2 ಕಿಲೋಬೈಟ್ ರ‍್ಯಾಮಿಗೆ ಅದು ಹೊರೆಯಲ್ಲ. ಪ್ರತಿ ಅಂಕಿಯ ಜೊತೆ ಅದು ಹೈಯೋ ಲೋಯೋ ಎಂಬ ಗುರುತನ್ನೂ ಉಳಿಸಿ. ಗುರುತಿಲ್ಲದ ಸಾಲಿನಲ್ಲಿ ಒಂದು ಎಡ್ಜ್ (ಹೈ–ಲೋ ಬದಲಾಗುವ ಗಳಿಗೆ) ತಪ್ಪಿದರೂ ಮುಂದಿನದೆಲ್ಲ ಅದಲುಬದಲಾಗಿ ಕಾಣುತ್ತದೆ.

ಟೇಬಲ್ ಮೇಲೆ ಒಂದು ತುಂಡು ವೈರ್

ಮಿಲ್ಲಿಗೆ ಹೋಗುವ ಮೊದಲು ಬೋರ್ಡಿನ 3ನೇ ಪಿನ್ನಿನಿಂದ ಅಳೆಯುವ 8ನೇ ಪಿನ್ನಿಗೆ ಒಂದು ಜಂಪರ್ ಹಾಕಿ. 3ನೇ ಪಿನ್ನಿಗೆ ಅನಲಾಗ್‌ರೈಟ್‌ನಲ್ಲಿ 64 ಕೊಡಿ. ಆ ಪಿನ್ನಿನ ಪಿಡಬ್ಲ್ಯುಎಂ (ಹೈ–ಲೋ ಒಂದೇ ಸಮನೆ ಮರುಕಳಿಸುವ ಸಿಗ್ನಲ್) ಸೆಕೆಂಡಿಗೆ ಸುಮಾರು 490 ಸಲದ್ದು. ಅವಧಿ 2040 ಮೈಕ್ರೋಸೆಕೆಂಡ್, ಹೈ 512, ಲೋ 1528. ಇದೇ ಅಂಕಿ ಬಂದರೆ ಕೋಡ್ ಬಹುಮಟ್ಟಿಗೆ ಸರಿ ಇದೆ, ದೋಷ ಬೋರ್ಡಿನ ಹೊರಗಿರುವ ಸಾಧ್ಯತೆ ಹೆಚ್ಚು. ಸಿಗ್ನಲ್ ಕೊಡುವುದೂ ಅಳೆಯುವುದೂ ಒಂದೇ ಗಡಿಯಾರವಾದ್ದರಿಂದ ಗಡಿಯಾರದ ತಪ್ಪು ಇಲ್ಲಿ ಕಾಣುವುದಿಲ್ಲ. ಮುಂದೆ ಹೇಳಿರುವ ಜೋಡಿ ತಪ್ಪುವ ದೋಷ, ಉದ್ದ ಪಲ್ಸಿಗೆ ಟೈಮರ್ ತುಂಬುವ ದೋಷ ಕೂಡ ಕಾಣುವುದಿಲ್ಲ.

ಆಸಿಲೋಸ್ಕೋಪ್ ಇಲ್ಲದವರಿಗೂ ಒಂದು ದಾರಿ ಇದೆ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಆ ಪಿನ್ ಮುಟ್ಟಿ. ಮೀಟರ್ ಸರಾಸರಿ ತೋರಿಸುತ್ತದೆ: 2040ರಲ್ಲಿ 512 ಅಂದರೆ 5 ವೋಲ್ಟಿನ ಕಾಲು ಭಾಗ, ಸುಮಾರು 1.25 ವೋಲ್ಟ್. ಪ್ರೋಗ್ರಾಮ್ ಹೈ–ಲೋ ತಿರುವುಮುರುವು ಮಾಡುತ್ತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಸೆಕೆಂಡಿಗೆ ಐದೇ ಸಲ ಬದಲಾಗುವ ಶಾಫ್ಟಿನ ಸಿಗ್ನಲಿಗೆ ಈ ಉಪಾಯ ನಡೆಯದು, ಮೀಟರ್ ಅಂಕಿ ಕುಣಿಯುತ್ತಲೇ ಇರುತ್ತದೆ.

ಅಂಕಿ ಸರಿ, ಜೋಡಿ ತಪ್ಪು

ಪಲ್ಸಿನ ಅಗಲ ಅಳೆಯುವ ಆರ್ಡುಯಿನೊದ ಪಲ್ಸ್‌ಇನ್ ಫಂಕ್ಷನ್ನನ್ನು ಒಮ್ಮೆ ಹೈಗೆ, ಅದರ ಬೆನ್ನಿಗೇ ಲೋಗೆ ಕರೆಯುವುದು ಎಲ್ಲರೂ ಮೊದಲು ಬರೆಯುವ ಕೋಡ್. ಅದರಿಂದ ಬರುವ ಎರಡು ಅಂಕಿ ಅಕ್ಕಪಕ್ಕದವಲ್ಲ. ಕರೆದಾಗ ಕೇಳಿದ ಮಟ್ಟ ಆಗಲೇ ನಡೆಯುತ್ತಿದ್ದರೆ ಪಲ್ಸ್‌ಇನ್ ಅದನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತದೆ. ಮೊದಲ ಹೈ ಅಳೆದು ಮುಗಿಸಿದ ಗಳಿಗೆಗೆ ಮೊದಲ ಲೋ ಶುರುವಾಗಿರುತ್ತದೆ. ಲೋಗೆಂದು ಕರೆದಾಗ ಅದು ಈ ಮೊದಲ ಲೋವನ್ನು ಬಿಡುತ್ತದೆ, ಎರಡನೇ ಹೈ ಹೋಗಗೊಡುತ್ತದೆ, ಎರಡನೇ ಲೋವನ್ನು ಅಳೆಯುತ್ತದೆ. ಮತ್ತೆ ಹೈಗೆ ಕರೆದರೆ ಮೂರನೆಯದನ್ನು ಬಿಟ್ಟು ನಾಲ್ಕನೆಯದು. ಹೀಗೆ ಮೂರು ಅರ್ಧಗಳಲ್ಲಿ ಒಂದು ಮಾತ್ರ ಕೈಗೆ ಸಿಗುತ್ತದೆ. ಒಂದೇ ಸಮನಾದ ಪಿಡಬ್ಲ್ಯುಎಂ ಆದರೆ ವ್ಯತ್ಯಾಸವೇ ತಿಳಿಯದು, ಮೇಲಿನ ಜಂಪರ್ ಪರೀಕ್ಷೆಯೂ ಪಾಸಾಗುತ್ತದೆ. ಹಲ್ಲಿನಿಂದ ಹಲ್ಲಿಗೆ ಅಳತೆ ಬದಲಾಗುವ ಡಿಸ್ಕಿನಲ್ಲಿ ಮಾತ್ರ ಒಂದು ಹಲ್ಲಿನ ಲೋಗೆ ಇನ್ನೊಂದು ಹಲ್ಲಿನ ಹೈ ಗಂಟು ಬೀಳುತ್ತದೆ.

ಪಲ್ಸ್‌ಇನ್‌ನದು ಇನ್ನೆರಡು ತಕರಾರು. ಅದು ಲೂಪಿನ ಸುತ್ತು ಎಣಿಸಿ ಕಾಲ ಲೆಕ್ಕ ಹಾಕುತ್ತದೆ. ನಡುವೆ ಮಿಲಿಸ್ (ಬೋರ್ಡ್ ಚಾಲೂ ಆಗಿ ಎಷ್ಟು ಮಿಲಿಸೆಕೆಂಡ್ ಆಯಿತೆಂಬ ಎಣಿಕೆ) ನಡೆಸುವ ಟೈಮರ್0 ಇಂಟರಪ್ಟ್ ಪ್ರತಿ 1.024 ಮಿಲಿಸೆಕೆಂಡಿಗೆ ಬಂದು ಕೆಲವು ಮೈಕ್ರೋಸೆಕೆಂಡ್ ತಿನ್ನುತ್ತದೆ, ಆದ್ದರಿಂದ ಉದ್ದ ಪಲ್ಸ್ ಸ್ವಲ್ಪ ಗಿಡ್ಡವಾಗಿ ಕಾಣುತ್ತದೆ. ಉದ್ದದ್ದಕ್ಕೆ ಪಲ್ಸ್‌ಇನ್‌ಲಾಂಗ್ ವಾಸಿ. ಎರಡನೆಯದು, 0 ಬಂದರೆ ಅದು ಪಲ್ಸಿನ ಅಗಲ ಅಲ್ಲ. ಒಂದು ಸೆಕೆಂಡ್ ಕಾದು ಕೈಬಿಟ್ಟೆ ಎಂಬ ಸೂಚನೆ ಅಷ್ಟೆ.

ಸರಿಯಾದ ಕ್ರಮವೆಂದರೆ ಏರುವ ಎಡ್ಜ್, ಇಳಿಯುವ ಎಡ್ಜ್, ಮತ್ತೆ ಏರುವ ಎಡ್ಜ್, ಈ ಮೂರರ ಸಮಯ ಹಿಡಿದು ಕಳೆಯುವುದು. ಮೊದಲ ವ್ಯತ್ಯಾಸ ಹೈ, ಎರಡನೆಯದು ಲೋ. ಎರಡೂ ಸಿದ್ಧವಾದ ಮೇಲೇ ಒಟ್ಟಿಗೆ ಮುಖ್ಯ ಲೂಪಿಗೆ ಒಪ್ಪಿಸಬೇಕು. ಹೈ ಸಿಕ್ಕಾಗ ಹೈ, ಲೋ ಸಿಕ್ಕಾಗ ಲೋ ಎಂದು ಬೇರೆ ಬೇರೆ ಬರೆದರೆ ಮುಖ್ಯ ಲೂಪ್ ಹೊಸ ಹೈ ಜೊತೆ ಹಳೇ ಲೋ ಓದಿಕೊಳ್ಳುತ್ತದೆ. ವೇರಿಯಬಲ್ಲುಗಳಿಗೆ ವೊಲಟೈಲ್ (ಬೆಲೆ ಇಂಟರಪ್ಟಿನಲ್ಲಿ ಬದಲಾಗಬಹುದು ಎಂಬ ಗುರುತು) ಹಾಕುವುದು ಬಹುತೇಕರಿಗೆ ನೆನಪಿರುತ್ತದೆ. ಎಂಟು ಬಿಟ್ಟಿನ ಈ ಚಿಪ್ ನಾಲ್ಕು ಬೈಟನ್ನು ನಾಲ್ಕು ಕಂತಿನಲ್ಲಿ ಓದುತ್ತದೆ, ಓದುವಾಗ ಇಂಟರಪ್ಟ್ ನಿಲ್ಲಿಸಬೇಕು ಎಂಬುದು ಮರೆತುಹೋಗುತ್ತದೆ. ಗಂಟೆಗೊಮ್ಮೆ ಬರುವ ತಲೆಬುಡವಿಲ್ಲದ ಅಂಕಿಗೆ ಇದು ಸಾಮಾನ್ಯ ಕಾರಣ.

ಮೊತ್ತವೇ ತಪ್ಪು

ಇಲ್ಲಿ ಬಂದ ತಪ್ಪು ಅಂಕಿಯೇ ಕಾರಣ ಹೇಳುತ್ತದೆ, ಸ್ವಲ್ಪ ನಿಂತು ನೋಡಬೇಕು.

100000 ಮೈಕ್ರೋಸೆಕೆಂಡ್ ಬರಬೇಕಾದಲ್ಲಿ -31072 ಬಂದರೆ ಅದನ್ನು ಇಂಟ್‌ನಲ್ಲಿ ಇಟ್ಟಿದ್ದೀರಿ. ಯುನೊದಲ್ಲಿ ಇಂಟ್ ಹದಿನಾರು ಬಿಟ್ಟಿನದು. 34464 ಬಂದರೆ ಅನ್‌ಸೈನ್ಡ್ ಇಂಟ್. ಎರಡಕ್ಕೂ ಮದ್ದು ಅನ್‌ಸೈನ್ಡ್ ಲಾಂಗ್.

ಎಷ್ಟೇ ಉದ್ದದ ಪಲ್ಸ್ ಕೊಟ್ಟರೂ ಟೈಮರ್1 ಓದು 255 ದಾಟದಿದ್ದರೆ ಟೈಮರ್ ನಡೆಯುವ ಬಗೆ ಹೇಳುವ ಟಿಸಿಸಿಆರ್1ಎ ರಿಜಿಸ್ಟರನ್ನು ಸೊನ್ನೆ ಮಾಡಿಲ್ಲ. ಆರ್ಡುಯಿನೊ ಚಾಲೂ ಆಗುವಾಗಲೇ ಟೈಮರ್1 ಅನ್ನು ಎಂಟು ಬಿಟ್ಟಿನ ಪಿಡಬ್ಲ್ಯುಎಂಗೆ ಸಜ್ಜು ಮಾಡಿಡುತ್ತದೆ. ಎಣಿಕೆ 0ಯಿಂದ 255ಕ್ಕೆ ಏರಿ ಮತ್ತೆ ಇಳಿಯುತ್ತದೆ. ಟಿಸಿಸಿಆರ್1ಬಿ ಒಂದನ್ನೇ ಬರೆದು ಬಿಡುವವರು ಇಲ್ಲಿ ಎಡವುತ್ತಾರೆ. ಸರ್ವೊ ಲೈಬ್ರರಿ, 9 ಮತ್ತು 10ನೇ ಪಿನ್ನಿನ ಅನಲಾಗ್‌ರೈಟ್ ಕೂಡ ಇದೇ ಟೈಮರ್1 ಬಳಸುತ್ತವೆ. ಅಳತೆಯ ಜೊತೆ ಅವು ಬೇಡ.

100 ಮಿಲಿಸೆಕೆಂಡಿನ ಜಾಗದಲ್ಲಿ 1.696 ಬಂದರೆ ಪ್ರಿಸ್ಕೇಲರ್ (ಗಡಿಯಾರದ ಎಷ್ಟು ಮಿಡಿತಕ್ಕೆ ಒಂದು ಎಣಿಕೆ ಎಂಬ ಅಂಕಿ) 8 ಇದೆ. ಆಗ ಒಂದು ಎಣಿಕೆಗೆ 0.5 ಮೈಕ್ರೋಸೆಕೆಂಡ್, ಟೈಮರ್ 32.768 ಮಿಲಿಸೆಕೆಂಡಿಗೆ ತುಂಬಿ ಸೊನ್ನೆಯಾಗುತ್ತದೆ. 100 ಮಿಲಿಸೆಕೆಂಡಿನ 200000 ಎಣಿಕೆಯಲ್ಲಿ ಮೂರು ಸಲ ತುಂಬಿ ಉಳಿದದ್ದು 3392. ಪ್ರಿಸ್ಕೇಲರ್ 64 ಮಾಡಿದರೆ ಎಣಿಕೆಗೆ 4 ಮೈಕ್ರೋಸೆಕೆಂಡ್, ತುಂಬುವುದು 262.144 ಮಿಲಿಸೆಕೆಂಡಿಗೆ. ಓಡುವ ಶಾಫ್ಟಿಗೆ ಅದು ಸಾಕು ಅನ್ನಿಸುತ್ತದೆ. ಆದರೆ ಬೆಲ್ಟ್ ಜಾರಿ ಶಾಫ್ಟ್ 10 ಸುತ್ತಿಗೆ ಇಳಿದಾಗ ಒಂದು ಅರ್ಧ 750 ಮಿಲಿಸೆಕೆಂಡ್ ಆಗುತ್ತದೆ. ಎರಡು ಸಲ ತುಂಬಿ ಉಳಿದದ್ದು 225.7. ನಿಲ್ಲುವ ಹಂತಕ್ಕೆ ಬಂದ ಶಾಫ್ಟನ್ನು ಪ್ರೋಗ್ರಾಮ್ 33 ಸುತ್ತು ಎಂದು ತೋರಿಸುತ್ತದೆ. ಆದ್ದರಿಂದ ತುಂಬಿದ ಸಲಗಳನ್ನು ಓವರ್‌ಫ್ಲೋ ಇಂಟರಪ್ಟಿನಲ್ಲಿ ಎಣಿಸಲೇಬೇಕು. ಪೂರ್ತಿ ನಿಂತರಂತೂ ಎಡ್ಜೇ ಬರುವುದಿಲ್ಲ, ಕೊನೆಯ ಒಳ್ಳೆಯ ಅಂಕಿ ಪರದೆ ಮೇಲೆ ಹಾಗೇ ಕೂತಿರುತ್ತದೆ. ಒಂದೂವರೆ ಸೆಕೆಂಡ್ ಎಡ್ಜ್ ಕಾಣದಿದ್ದರೆ ವೇಗ ಸೊನ್ನೆ ಎಂದು ಮುಖ್ಯ ಲೂಪಿನಲ್ಲಿ ಬರೆಯಿರಿ.

ಓವರ್‌ಫ್ಲೋ ಎಣಿಸಲು ಶುರು ಮಾಡಿದ ಮೇಲೆ ಹೊಸದೊಂದು ತೊಂದರೆ ತಲೆಯೆತ್ತುತ್ತದೆ. ನೂರಾರು ಸಲ 25000 ಎಣಿಕೆ ಸರಿಯಾಗಿ ಬಂದು, ಒಮ್ಮೆ 4294926760 ಎಂಬ ದೈತ್ಯ ಸಂಖ್ಯೆ, ಅದರ ಬೆನ್ನಿಗೇ 90536 ಬರುತ್ತದೆ. ಟೈಮರ್ ತುಂಬಿದ್ದೂ ಎಡ್ಜ್ ಬಂದದ್ದೂ ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ. ಚಿಪ್ಪಿನಲ್ಲಿ ಕ್ಯಾಪ್ಚರ್ (ಎಡ್ಜ್ ಬಂದ ಗಳಿಗೆಯ ಟೈಮರ್ ಎಣಿಕೆ ಹಿಡಿಯುವ) ಇಂಟರಪ್ಟಿಗೆ ಆದ್ಯತೆ ಹೆಚ್ಚು, ಓವರ್‌ಫ್ಲೋ ಆಮೇಲೆ. ಹೀಗಾಗಿ ತುಂಬಿದ ಲೆಕ್ಕ ಸೇರುವ ಮೊದಲೇ ಸಮಯ ಬರೆದಾಗಿರುತ್ತದೆ, ಒಂದು ಓದು 65536 ಕಡಿಮೆ, ಮುಂದಿನದು ಅಷ್ಟೇ ಹೆಚ್ಚು. ಕ್ಯಾಪ್ಚರ್ ಇಂಟರಪ್ಟಿನ ಒಳಗೆ ನೋಡಿ: ಟೈಮರ್ ತುಂಬಿದ್ದನ್ನು ಸೂಚಿಸುವ ಟಿಒವಿ1 ಫ್ಲ್ಯಾಗ್ ಎದ್ದಿದ್ದು, ಹಿಡಿದ ಎಣಿಕೆ ಇರುವ ಐಸಿಆರ್1 ಬೆಲೆ 32768ಕ್ಕಿಂತ ಕಡಿಮೆ ಇದ್ದರೆ ಆ ಒಂದು ಓದಿಗೆ ಮಾತ್ರ ಓವರ್‌ಫ್ಲೋ ಎಣಿಕೆಗೆ ಒಂದು ಕೂಡಿಸಿ. ಶೇಖರಿಸಿದ ಎಣಿಕೆಯನ್ನು ಮುಟ್ಟಬೇಡಿ, ಅದನ್ನು ಓವರ್‌ಫ್ಲೋ ಇಂಟರಪ್ಟ್ ತಾನೇ ಏರಿಸುತ್ತದೆ.

ಯುನೊದಲ್ಲಿ ಕ್ಯಾಪ್ಚರ್ ಪಿನ್ 8ನೆಯದು ಒಂದೇ. ಪ್ರತಿ ಎಡ್ಜಿಗೂ, ಏರುವುದೋ ಇಳಿಯುವುದೋ ಎಂದು ಆರಿಸುವ ಐಸಿಇಎಸ್1 ಬಿಟ್ಟನ್ನು ತಿರುಗಿಸಬೇಕು, ತಿರುಗಿಸಿದ ಕೂಡಲೇ ಕ್ಯಾಪ್ಚರ್ ಆಯಿತೆನ್ನುವ ಐಸಿಎಫ್1 ಫ್ಲ್ಯಾಗಿಗೆ ಒಂದು ಬರೆದು ಅಳಿಸಬೇಕು. ಅಳಿಸದಿದ್ದರೆ ತಿರುಗಿಸಿದ್ದೇ ಒಂದು ಸುಳ್ಳು ಎಡ್ಜ್ ಆಗಿ ಕಾಣಬಹುದು. ಫ್ಲ್ಯಾಗುಗಳಿರುವ ಟಿಐಎಫ್‌ಆರ್1 ರಿಜಿಸ್ಟರಿಗೆ ಆ ಒಂದೇ ಬಿಟ್ಟನ್ನು ನೇರವಾಗಿ ಬರೆಯಿರಿ. ಓದಿ, ಆರ್ ಮಾಡಿ, ಮರಳಿ ಬರೆಯುವ ಅಭ್ಯಾಸ ಫ್ಲ್ಯಾಗ್ ರಿಜಿಸ್ಟರುಗಳಿಗೆ ಒಳ್ಳೆಯದಲ್ಲ, ಎದ್ದಿದ್ದ ಬೇರೆ ಫ್ಲ್ಯಾಗೂ ಅಳಿಸಿಹೋಗುವ ಅಪಾಯವಿದೆ. ತಿರುಗಿಸುವಷ್ಟರಲ್ಲಿ ಮುಗಿದುಹೋದ ಬಹಳ ಕಿರಿದಾದ ಪಲ್ಸ್ ತಪ್ಪಿಹೋಗಿ, ಮುಂದಿನ ಎರಡು ಅರ್ಧಗಳು ಅದರೊಂದಿಗೆ ಸೇರಿ ಒಂದೇ ಮುದ್ದೆಯಾಗಿ ಬರುತ್ತವೆ. ತಿರುಗಿಸಿದ ಮೇಲೆ ಪಿನ್ ಮಟ್ಟ ಒಮ್ಮೆ ಓದಿ ತಾಳೆ ನೋಡುವುದು ಕ್ಷೇಮ.

ಮೈಕ್ರೋಸೆಕೆಂಡ್ ಎಣಿಸುವ ಮೈಕ್ರೋಸ್ ಫಂಕ್ಷನ್ ಮತ್ತು ಸಾಮಾನ್ಯ ಇಂಟರಪ್ಟ್ (2, 3ನೇ ಪಿನ್) ಬಳಸಿದರೂ ಶಾಫ್ಟಿಗೆ ನಡೆಯುತ್ತದೆ. ಓದು 4 ಮೈಕ್ರೋಸೆಕೆಂಡಿನ ಮೆಟ್ಟಿಲಿನಲ್ಲಿ ಬರುತ್ತದೆ. ಮೈಕ್ರೋಸ್ ಸುಮಾರು 71.6 ನಿಮಿಷಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಅನ್‌ಸೈನ್ಡ್ ಲಾಂಗ್‌ನಲ್ಲಿ ಹೊಸದರಿಂದ ಹಳೆಯದನ್ನು ಕಳೆದರೆ ಇದರಿಂದ ತೊಂದರೆ ಇಲ್ಲ. ಸಾಫ್ಟ್‌ವೇರ್‌ಸೀರಿಯಲ್ ಜೊತೆಗಿದ್ದರೆ ಮಾತ್ರ ಅದು ಒಂದು ಬೈಟ್ ಮುಗಿಯುವವರೆಗೆ ಇಂಟರಪ್ಟುಗಳನ್ನು ತಡೆಹಿಡಿಯುತ್ತದೆ, 9600 ಬಾಡ್‌ನಲ್ಲಿ ಸುಮಾರು ಒಂದು ಮಿಲಿಸೆಕೆಂಡ್. ಎಡ್ಜ್ ಆ ಹೊತ್ತಿಗೆ ಬಂದರೆ ಒಂದು ಅರ್ಧ ಅಷ್ಟು ಉದ್ದ, ಪಕ್ಕದ್ದು ಅಷ್ಟೇ ಗಿಡ್ಡ.

ಮೊತ್ತ ಸರಿ, ಪಾಲು ತಪ್ಪು

ಹಲ್ಲು–ಸಂದು ಸಮ ಕತ್ತರಿಸಿದ ಡಿಸ್ಕಿನಲ್ಲೂ 100–100 ಬರುವುದಿಲ್ಲ. ಸೆನ್ಸರಿನ ಮುಖ ಅಗಲವಾದ್ದರಿಂದ ಹಲ್ಲಿನ ಅಂಚು ಪೂರ್ತಿ ಎದುರಿಗೆ ಬರುವ ಮೊದಲೇ ಅದು ಆನ್ ಆಗುತ್ತದೆ, ದಾಟಿದ ಮೇಲೂ ಹಿಸ್ಟರಿಸಿಸ್ಸಿನಿಂದಾಗಿ (ಆನ್ ಆಗುವ, ಆಫ್ ಆಗುವ ದೂರಗಳ ವ್ಯತ್ಯಾಸ) ತಡವಾಗಿ ಬಿಡುತ್ತದೆ. ಹತ್ತಿರ ತಂದಷ್ಟೂ ಲೋ ಹಿಗ್ಗುತ್ತದೆ, ಹೈ ಕುಗ್ಗುತ್ತದೆ, ಮೊತ್ತ 200ರಲ್ಲೇ ನಿಲ್ಲುತ್ತದೆ. ಇದನ್ನು ಕೋಡಿನಲ್ಲಿ ತಿದ್ದಲು ಹೋಗಬೇಡಿ, ಅಂತರ ಸರಿಪಡಿಸಿ. ಸೆನ್ಸರಿನ ಮೇಲೆ 8 ಮಿ.ಮೀ. ಎಂದಿದ್ದರೆ 8ರಲ್ಲೇ ಕೂರಿಸದೆ ಐದಾರು ಮಿ.ಮೀ. ಇಡಿ. ಡಿಸ್ಕ್ ಕಬ್ಬಿಣದ್ದೇ ಆಗಿರಲಿ. ಅಲ್ಯೂಮಿನಿಯಂ ಆದರೆ ಗುರುತಿಸುವ ದೂರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ಲೋ ಅಂಕಿಗಳನ್ನಷ್ಟೇ ಸಾಲಾಗಿ ಓದಿ: 104, 108, 112, 108, ಮತ್ತೆ 104, 108, 112, 108. ಹೈಗಳು 96, 92, 88, 92. ನಾಲ್ಕಕ್ಕೊಮ್ಮೆ ಮರಳುವ ಈ ಏರಿಳಿತಕ್ಕೆ ಕಾರಣ ಡಿಸ್ಕ್ ಓಲಾಡುತ್ತಿರುವುದು. ಒಂದು ಹಲ್ಲು ಸೆನ್ಸರಿಗೆ ಹತ್ತಿರ, ಎದುರಿನದು ದೂರ. ಬುಷ್ ಸವೆದಿದೆಯೋ, ಗ್ರಬ್ ಸ್ಕ್ರೂ ಸಡಿಲವೋ ನೋಡಿ. ನಾಲ್ಕರಲ್ಲಿ ಒಂದೇ ಬೇರೆ ಬಂದರೆ ಆ ಹಲ್ಲು ಬಾಗಿದೆ. ಎಲ್ಲಾ ಲೋಗಳೂ ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿದ್ದರೆ ಸೆನ್ಸರಿನ ನಟ್ಟು ಅದುರಿ ಹಿಂದೆ ಸರಿಯುತ್ತಿದೆ. ಹೈ–ಲೋ ಬೇರೆ ಬೇರೆ ಅಳೆಯುವ ನಿಜವಾದ ಲಾಭ ಇದೇ. ಬರೀ ಅವಧಿ ಅಳೆದಿದ್ದರೆ ಸೆನ್ಸರ್ ಪೂರ್ತಿ ಕುರುಡಾಗುವವರೆಗೆ ಸುಳಿವೇ ಸಿಗುತ್ತಿರಲಿಲ್ಲ.

ಆಪ್ಟೊ ಕಡೆಗೆ ಬಂದರೆ, 24 ವೋಲ್ಟಿನಿಂದ 3.3ಕೆ ರೆಸಿಸ್ಟರ್ ಮೂಲಕ ಪಿಸಿ817ರ ಎಲ್‌ಇಡಿಗೆ, ಅಲ್ಲಿಂದ ಸೆನ್ಸರಿನ ಕಪ್ಪು (ಔಟ್‌ಪುಟ್) ವೈರಿಗೆ. ಸುಮಾರು 7 ಮಿಲಿಆಂಪಿಯರ್ ಹರಿಯುತ್ತದೆ. 2.2ಕೆ ಹಾಕುವವರಿದ್ದಾರೆ, ಅದರಲ್ಲಿ ಕಾಲು ವಾಟಿನ ರೆಸಿಸ್ಟರ್ ತನ್ನ ಮಿತಿಯ ಅಂಚಿನಲ್ಲಿ ಬೇಯುತ್ತಿರುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ತಗಡಿನ ಶೆಡ್ಡಿನ ಪ್ಯಾನೆಲ್ಲಿನೊಳಗೆ ಅದು ಬಾಳುವ ಲೆಕ್ಕವಲ್ಲ. ಆಪ್ಟೊದ ಆಚೆ 5 ವೋಲ್ಟಿಗೆ 4.7ಕೆ ಪುಲ್‌ಅಪ್ (ಪಿನ್ನನ್ನು ಹೈಗೆ ಎಳೆದಿಡುವ ರೆಸಿಸ್ಟರ್). ಪಿಸಿ817 ಆನ್ ಆಗುವುದು ಬೇಗ, ಆಫ್ ಆಗುವುದು ತಡ. ಪುಲ್‌ಅಪ್ ದೊಡ್ಡದಾದಷ್ಟೂ ಆ ತಡ ಹತ್ತಾರು ಮೈಕ್ರೋಸೆಕೆಂಡಿಗೆ ಏರುತ್ತದೆ. 100 ಮಿಲಿಸೆಕೆಂಡಿನ ಅಳತೆಗೆ ಇದು ಧೂಳಿಗೆ ಸಮ. ಐದಾರು ನೂರು ಮೈಕ್ರೋಸೆಕೆಂಡಿನ ಪಲ್ಸಿಗೆ ಹಾಗಲ್ಲ. ಅಲ್ಲಿ 1ಕೆ ಪುಲ್‌ಅಪ್ ಅಥವಾ ವೇಗದ ಆಪ್ಟೊ 6ಎನ್137 ಬೇಕು. ಊರಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯಿಂದ ತರಿಸುವುದು.

ಆಪ್ಟೊ ಇಲ್ಲದೆ ಕಪ್ಪು ವೈರನ್ನು ನೇರ ಪಿನ್ನಿಗೆ ಕೊಡುವ ಆಸೆ ಇದ್ದರೆ ಮೊದಲು ಕಪ್ಪು–ನೀಲಿ (ಮೈನಸ್) ವೈರುಗಳ ನಡುವೆ, ಎದುರಿಗೆ ಕಬ್ಬಿಣ ಇಲ್ಲದಾಗ, ಮೀಟರ್ ಹಿಡಿಯಿರಿ. 24 ವೋಲ್ಟ್ ಕಂಡರೆ ಸೆನ್ಸರಿನೊಳಗೇ ಪುಲ್‌ಅಪ್ ಇದೆ, ಪಿನ್ ಸುಟ್ಟೀತು.

ಮೋಟರ್ ಚಾಲೂ ಆದಾಗ ಮಾತ್ರ

"ಮೋಟರ್ ಚಾಲೂ ಮಾಡಿದ್ ಕೂಡ್ಲೆ ನಂಬರ್ ಹುಚ್ಚಾಪಟ್ಟಿ ಓಡ್ತಾವ್ರೀ" ಎಂದು ಆಪರೇಟರ್ ಹೇಳಿದರೆ ಕೋಡನ್ನು ಪಕ್ಕಕ್ಕಿಟ್ಟು ವೈರ್ ನೋಡಿ. 64ರ ಪಟ್ಟಿಯಲ್ಲಿ ಇದರ ಗುರುತು ಸ್ಪಷ್ಟವಾಗಿರುತ್ತದೆ: ಲೋ 37204, ಹೈ 24, ಲೋ 62772. ಮೂರೂ ಕೂಡಿದರೆ ಸರಿಯಾಗಿ 100000. ಹಲ್ಲಿನ ನಡುವೆ 24 ಮೈಕ್ರೋಸೆಕೆಂಡಿನ ಒಂದು ಚುಚ್ಚು ಬಿದ್ದಿದೆ. ಚುಚ್ಚುಗಳ ನಡುವಿನ ಅಂತರ 250 ಮೈಕ್ರೋಸೆಕೆಂಡ್ ಅಥವಾ ಅದರ ಗುಣಕವಾದರೆ 4 ಕಿಲೋಹರ್ಟ್ಸಿನಲ್ಲಿ ಸ್ವಿಚ್ ಆಗುವ ವಿಎಫ್‌ಡಿ (ಮೋಟರ್ ವೇಗ ಬದಲಿಸುವ ಸಾಧನ) ಮೇಲೆ ಅನುಮಾನ ಪಡಿ. ಹೈ, ಲೋ ಎರಡೂ 10 ಮಿಲಿಸೆಕೆಂಡಿನ ಆಸುಪಾಸು, ಮೊತ್ತ 20 ಬಂದರೆ ಅದು ಸೆನ್ಸರಿನ ಸಿಗ್ನಲೇ ಅಲ್ಲ, 50 ಹರ್ಟ್ಸಿನ ಕರೆಂಟು. ವೈರ್ ಕಳಚಿದೆ ಅಥವಾ ಪುಲ್‌ಅಪ್ ಹಾಕಿಲ್ಲ, ಪಿನ್ ತೇಲುತ್ತಿದೆ.

ಟೈಮರಿನ ಒಳಗಿನ ನಾಯ್ಸ್ ಕ್ಯಾನ್ಸಲರ್ ಮೇಲೆ ಭರವಸೆ ಇಡಬೇಡಿ. ಅದು ನಾಲ್ಕು ಗಡಿಯಾರದ ಮಿಡಿತ, ಅಂದರೆ 0.25 ಮೈಕ್ರೋಸೆಕೆಂಡ್, ಒಂದೇ ಮಟ್ಟ ಇದೆಯೇ ಎಂದಷ್ಟೇ ನೋಡುತ್ತದೆ. 24 ಮೈಕ್ರೋಸೆಕೆಂಡಿನ ಚುಚ್ಚು ಅದರ ಮುಂದೆ ಆನೆ. ಶೀಲ್ಡ್ ಇರುವ ಕೇಬಲ್ ಎಳೆಯಿರಿ, ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿ. ಮೋಟರ್ ಕೇಬಲಿನ ಪಕ್ಕದಲ್ಲೇ ಓಡಿಸದೆ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ. ಬೋರ್ಡಿನ ಬಳಿ 10ಕೆ ರೆಸಿಸ್ಟರ್, 100 ನ್ಯಾನೊಫ್ಯಾರಡ್ ಕೆಪಾಸಿಟರಿನ ಫಿಲ್ಟರ್ ಹಾಕಿದರೆ ಒಂದು ಮಿಲಿಸೆಕೆಂಡಿನ ತಡೆ ಸಿಗುತ್ತದೆ. ಅದರಿಂದ ಎಡ್ಜ್ ಇಳಿಜಾರಾಗುವುದರಿಂದ ಮುಂದೆ ಎಡ್ಜನ್ನು ಮತ್ತೆ ಚೂಪು ಮಾಡುವ 74ಎಚ್‌ಸಿ14 ಚಿಪ್ ಕೊಡಿ. ಅದು ಸಿಗ್ನಲ್ಲನ್ನು ತಲೆಕೆಳಗು ಮಾಡುತ್ತದೆ, ಇನ್ನು ಹಲ್ಲು ಹೈ, ಸಂದು ಲೋ. ಗುರುತು ಬದಲಿಸಲು ಮರೆಯಬೇಡಿ.

ಕೋಡಿನಲ್ಲೂ ಒಂದು ಬೇಲಿ ಇರಲಿ. 5 ಮಿಲಿಸೆಕೆಂಡಿಗಿಂತ ಕಿರಿದಾದ ಅರ್ಧ ಬಂದರೆ ಅದನ್ನು ಎಸೆದರೆ ಸಾಲದು. ಎಸೆದರೆ ಎರಡು ಲೋಗಳು ಒಂದರ ಹಿಂದೊಂದು ಉಳಿಯುತ್ತವೆ, ಜೋಡಿ ಕೆಡುತ್ತದೆ. ಹಿಂದಿನದು, ಕಿರಿದಾದದ್ದು, ಮುಂದಿನದು ಮೂರನ್ನೂ ಕೂಡಿಸಿ ಒಂದೇ ಲೋ (ಚುಚ್ಚು ಹೈ ನಡುವೆ ಬಿದ್ದಿದ್ದರೆ ಒಂದೇ ಹೈ) ಎಂದು ಬರೆಯಬೇಕು.

ಇನ್ನೆರಡು ಮಾತು

ಟಿವಿ ರಿಮೋಟಿನ ಇನ್‌ಫ್ರಾರೆಡ್ ಸಿಗ್ನಲ್ ಅಳೆಯುವವರಿಗೂ ಇದೇ ಲೆಕ್ಕ. ಎನ್‌ಇಸಿ ಎಂಬ ರಿಮೋಟ್ ಸಂಕೇತ ಕ್ರಮದಲ್ಲಿ 0ಗೆ ಒಟ್ಟು 1.125 ಮಿಲಿಸೆಕೆಂಡ್, 1ಕ್ಕೆ 2.25. ರಿಸೀವರ್ ಬೆಳಕು ಇರುವ ಹೊತ್ತನ್ನು ಹಿಗ್ಗಿಸಿ, ಇಲ್ಲದ ಹೊತ್ತನ್ನು ಅಷ್ಟೇ ಕುಗ್ಗಿಸುತ್ತದೆ. 562 ಮೈಕ್ರೋಸೆಕೆಂಡಿನ ಜಾಗದಲ್ಲಿ 640, 480 ಕಂಡರೆ ಗಾಬರಿ ಬೇಡ. ಇಳಿಯುವ ಎಡ್ಜಿನಿಂದ ಇಳಿಯುವ ಎಡ್ಜಿಗೆ ಅಳೆದು ಬಿಟ್ ಗುರುತಿಸಿ.

ಎಲ್ಲ ಸರಿಯಾದ ಮೇಲೂ ಹೈ, ಲೋ, ಮೊತ್ತ ಮೂರೂ ಒಂದೇ ಪ್ರಮಾಣದಲ್ಲಿ ತಪ್ಪಿದರೆ, ಉದಾಹರಣೆಗೆ 200ರ ಬದಲು ಯಾವಾಗಲೂ 200.6 ಬಂದರೆ, ಅದು ಗಡಿಯಾರದ್ದು. ಯುನೊದ ಮುಖ್ಯ ಚಿಪ್ಪಿಗೆ ಇರುವುದು ಸೆರಾಮಿಕ್ ರೆಸೊನೇಟರ್, ಕ್ರಿಸ್ಟಲ್ ಅಲ್ಲ. ಪ್ರತಿಶತ ಅರ್ಧದವರೆಗೆ ಆಚೀಚೆ ಹೋಗುತ್ತದೆ. ಚಿಪ್ಪಿನ ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರ್ ಬಳಸಿದ್ದರೆ ಕಾರ್ಖಾನೆಯ ಹೊಂದಾಣಿಕೆಯಲ್ಲೇ 10 ಪ್ರತಿಶತದವರೆಗೆ ತಪ್ಪಬಹುದು, ಅಂಥ ಬೋರ್ಡಿಗೆ 16 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ. ಬೆಲ್ಟ್ ಜಾರುವುದಕ್ಕೆ 10 ಪ್ರತಿಶತ ಇಳಿತಕ್ಕೆ ಅಲಾರಂ ಇಟ್ಟವರಿಗೆ ರೆಸೊನೇಟರಿನ ಅರ್ಧ ಪ್ರತಿಶತ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಹಾಗೇ ಬಿಡಿ.